ಜಾನ್ ವಾರೆನ್

ಜಾನ್ ವಾರೆನ್ (21 ಸೆಪ್ಟೆಂಬರ್ 1769 – 9 ಫೆಬ್ರವರಿ 1830) ಬ್ರಿಟಿಷ್ ಸೈನ್ಯದ ಅಧಿಕಾರಿ, ಭೂಮಾಪಕ, ಖಗೋಳಜ್ಞ ಹಾಗೂ ಗ್ರಂಥಕರ್ತ. ಈತನ ಪೂರ್ಣ ಹೆಸರು ಜಾನ್ ಬಾಪ್ತಿಸ್ತ್ ಫ್ರಾನ್ಸ್ವಾ ಜೋಸೆಫ್ ದ ವಾರೆನ್. ಕೋಲಾರ ಜಿಲ್ಲೆಯ ಊರಿಗಾಂ ಮತ್ತು ಮಾರಿಕುಪ್ಪಂ ಗ್ರಾಮಗಳ ಸುತ್ತಲಿನ ಮಣ್ಣಿನಲ್ಲಿ ಚಿನ್ನವಿರುವುದನ್ನು 1802ರಲ್ಲಿ ಕಣ್ಣಾರೆ ಪರಿಶೀಲಿಸಿ, ಅದರ ಬಗೆಗೆ ಲಿಖಿತ ವರದಿಯನ್ನು ಸಿದ್ಧಪಡಿಸಿದ್ದರಿಂದ ಕರ್ನಾಟಕದ ಇತಿಹಾಸದಲ್ಲಿ ಈತನ ಹೆಸರು ಉಳಿದಿದೆ. ಮುಂದೆ ಈತ ಮದರಾಸು ಖಗೋಳ ವೀಕ್ಷಣಾಲಯದ ಹಂಗಾಮಿ ಮುಖ್ಯಸ್ಥನಾಗಿ ಕಾರ್ಯ ನಿರ್ವಹಿಸಿದನು. ದಕ್ಷಿಣ ಭಾರತದ ಪಂಚಾಂಗ ಪದ್ಧತಿಗಳನ್ನು ಕುರಿತ 'ಕಾಲಸಂಕಲಿತ' (1825) ಈತನ ಪ್ರಮುಖ ಗ್ರಂಥವಾಗಿದೆ.

ಆರಂಭಿಕ ಜೀವನ ಮತ್ತು ಸೈನಿಕ ವೃತ್ತಿ

ವಾರೆನ್ ಇಟಲಿಯ ಲಿವೊರ್ನೊ ನಗರದಲ್ಲಿ ಜನಿಸಿದನು. ಈತನ ಮನೆತನದ ಮೂಲ ಐರ್ಲೆಂಡ್. ಪೂರ್ವಜರು ಫ್ರಾನ್ಸಿನ ಲೊರೇನ್ ಪ್ರಾಂತದಲ್ಲಿ ನೆಲೆಸಿದ್ದರು. 1789ರ ಫ್ರೆಂಚ್ ಮಹಾಕ್ರಾಂತಿಯ ನಂತರ ಅಲ್ಲಿನ ಅನೇಕ ಕುಲೀನ ಮನೆತನಗಳವರು ದೇಶವನ್ನು ತೊರೆದರು. ವಾರೆನ್ ಕೂಡ ಹೀಗೆ ಹೊರಬಂದು, ಭಾರತದಲ್ಲಿ ಬ್ರಿಟಿಷರ 33ನೆಯ ಕಾಲ್ದಳವನ್ನು ಸೇರಿದನು. ಆರ್ಥರ್ ವೆಲ್ಲೆಸ್ಲಿ ಮುನ್ನಡೆಸುತ್ತಿದ್ದ ಈ ದಳವು ನಾಲ್ಕನೆಯ ಮೈಸೂರು ಯುದ್ಧದಲ್ಲಿ ಭಾಗವಹಿಸಿತ್ತು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ವಾರೆನ್ ಇದ್ದನು.

ಟಿಪ್ಪು ಸುಲ್ತಾನನ ಮರಣಾನಂತರ ಮೈಸೂರು ರಾಜ್ಯದ ಎಲ್ಲೆಗಳು ಬದಲಾದವು. ರಾಜ್ಯದ ಒಂದು ಭಾಗವು ಒಡೆಯರ ಮನೆತನಕ್ಕೆ ಮರಳಿತು. ಉಳಿದ ಪ್ರದೇಶಗಳನ್ನು ಕಂಪನಿ ಸರ್ಕಾರ ಮತ್ತು ಹೈದರಾಬಾದಿನ ನಿಜಾಮ ಹಂಚಿಕೊಂಡರು. ಹೊಸ ಗಡಿಗಳನ್ನು ಅಳೆದು ನಕ್ಷೆ ಸಿದ್ಧಪಡಿಸುವುದು ಅಗತ್ಯವಾಯಿತು. ಗಣಿತದಲ್ಲಿ ಪರಿಶ್ರಮವಿದ್ದ ವಾರೆನ್ ಈ ಕಾರ್ಯಕ್ಕೆ ನಿಯುಕ್ತನಾದನು. ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನಮಿತೀಯ ಸರ್ವೇಕ್ಷಣೆಯಲ್ಲಿಯೂ ಈತ ಸಹಾಯಕನಾಗಿ ದುಡಿದನು.

ಕೋಲಾರದ ಚಿನ್ನದ ವರದಿ

1802ರಲ್ಲಿ ಲೆಫ್ಟಿನೆಂಟ್ ಹುದ್ದೆಯಲ್ಲಿದ್ದ ವಾರೆನ್ ಮೈಸೂರು ರಾಜ್ಯದ ಪೂರ್ವ ಗಡಿಯನ್ನು ಅಳೆಯುತ್ತಿದ್ದನು. ಹೈದರಾಲಿಯ ಜನ್ಮಸ್ಥಳವೆಂದು ಹೆಸರಾದ ಬೂದಿಕೋಟೆಯ (ಇಂದಿನ ಬಂಗಾರಪೇಟೆ ತಾಲ್ಲೂಕು) ಪೂರ್ವಕ್ಕೆ ಒಂದು ಸಣ್ಣ ಗುಡ್ಡವಿದೆ. ಅದರ ಸಮೀಪದ ನೆಲದಲ್ಲಿ ಚಿನ್ನ ಸಿಗುತ್ತದೆಂಬ ವದಂತಿ ಆತನ ಕಿವಿಗೆ ಬಿದ್ದಿತು. ಖಚಿತ ಮಾಹಿತಿ ನೀಡುವವರಿಗೆ ಬಹುಮಾನ ಕೊಡುವುದಾಗಿ ವಾರೆನ್ ಪ್ರಕಟಿಸಿದನು. ಕೆಲವೇ ದಿನಗಳಲ್ಲಿ ಊರಿಗಾಂ ಗ್ರಾಮದ ರೈತನೊಬ್ಬನು ಮುಂದೆ ಬಂದು ಸ್ಥಳವನ್ನು ತೋರಿಸಲು ಒಪ್ಪಿದನು.

ಊರಿಗಾಮಿನಲ್ಲಿ ಚಿನ್ನ ತೆಗೆಯುವ ಕೆಲಸವನ್ನು ಮಾಡುತ್ತಿದ್ದವರು ಹೆಂಗಸರು. ಅವರು ಹಳ್ಳಗಳ ಪಾತ್ರದ ಮೇಲ್ಮಣ್ಣನ್ನು ಪೊರಕೆಯಿಂದ ಗುಡಿಸಿ ಬುಟ್ಟಿಗೆ ತುಂಬಿ, ನೀರಿನಲ್ಲಿ ತೊಳೆದು, ತಳದಲ್ಲಿ ಉಳಿದ ಕಪ್ಪು ಮರಳಿನಿಂದ ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದರು. ವಾರೆನ್ ಈ ಕ್ರಿಯೆಯನ್ನು ತನ್ನ ಸಮ್ಮುಖದಲ್ಲಿಯೇ ಮಾಡಿಸಿ ನೋಡಿದನು. ಸುಮಾರು 56 ಕಿಲೋಗ್ರಾಂ ಮಣ್ಣನ್ನು ತೊಳೆದರೆ ಒಂದು ಕಾಳಿನಷ್ಟು ಚಿನ್ನ ದೊರೆಯುತ್ತಿತ್ತೆಂದು ಹೇಳಲಾಗಿದೆ.

ಅನಂತರ ಆತ ಮಾರಿಕುಪ್ಪಂ ಬಳಿಯ ಗಣಿಗಳನ್ನು ಪರಿಶೀಲಿಸಿದನು. ಸುಮಾರು 30ರಿಂದ 45 ಅಡಿ ಆಳದ ಆ ಗುಂಡಿಗಳಲ್ಲಿ ಅಸ್ಪೃಶ್ಯರೆಂದು ಪರಿಗಣಿಸಲ್ಪಟ್ಟಿದ್ದ ಸಮುದಾಯದ ಕಾರ್ಮಿಕರು ಸರಳ ಉಪಕರಣಗಳಿಂದ ಕಲ್ಲನ್ನು ಒಡೆಯುತ್ತಿದ್ದರು. ಹೊರತೆಗೆದ ಕಲ್ಲು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಸಾಗಿ ಮೇಲೆ ಬರುತ್ತಿತ್ತು. ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಟಿಪ್ಪುವಿನ ಕಾಲದಲ್ಲಿಯೂ ಇಲ್ಲಿ ಪರೀಕ್ಷೆ ನಡೆದು, ಉತ್ಪತ್ತಿಯು ವೆಚ್ಚಕ್ಕೆ ಮಾತ್ರ ಸರಿಹೋಗುತ್ತದೆಂದು ಕಂಡುಬಂದಿದ್ದರಿಂದ ಆ ಕೆಲಸವನ್ನು ಕೈಬಿಡಲಾಗಿತ್ತೆಂಬ ಸಂಗತಿಯೂ ವಾರೆನ್‌ಗೆ ತಿಳಿದುಬಂದಿತು. ಆತನ ವರದಿಯು 1804ರ 'ಏಷಿಯಾಟಿಕ್ ಆನ್ಯುಯಲ್ ರಿಜಿಸ್ಟರ್' ಸಂಪುಟದಲ್ಲಿ ಪ್ರಕಟವಾಯಿತು.

'ಶೋಧಕ' ಎಂಬ ಪದದ ಔಚಿತ್ಯ

ಕೆಲವು ಬರಹಗಳಲ್ಲಿ ವಾರೆನ್‌ನನ್ನು ಕೋಲಾರ ಚಿನ್ನದ ಶೋಧಕನೆಂದು ಕರೆಯಲಾಗಿದೆ. ಈ ಮಾತನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಆತನು ಬರುವ ಮೊದಲೇ ಗಣಿಗಳಿದ್ದವು. ಚಿನ್ನವನ್ನು ಗುರುತಿಸುವ ಮತ್ತು ಬೇರ್ಪಡಿಸುವ ಕೌಶಲ ಸ್ಥಳೀಯರಲ್ಲಿ ಬೇರೂರಿತ್ತು. ವಾರೆನ್ ಮಾಡಿದ್ದು ಆ ತಿಳಿವಳಿಕೆಯನ್ನು ಪರೀಕ್ಷಿಸಿ, ಸ್ಥಳನಾಮಗಳೊಡನೆ ದಾಖಲಿಸಿ, ಮುದ್ರಣಕ್ಕೆ ತಂದ ಕೆಲಸ. ದಾರಿ ತೋರಿದ ರೈತ, ಮಣ್ಣು ತೊಳೆದ ಹೆಂಗಸರು ಮತ್ತು ಗಣಿಯೊಳಗೆ ಇಳಿದ ಕಾರ್ಮಿಕರ ಹೆಸರುಗಳು ಪ್ರಸಿದ್ಧಿಗೆ ಬರಲಿಲ್ಲ. ಆದರೂ ಅವರ ದುಡಿಮೆಯ ರೀತಿಯನ್ನು ತಿಳಿಯಲು ಆತನ ವರದಿಯೇ ಒಂದು ಮುಖ್ಯ ಆಧಾರವಾಗಿದೆ.

ಮದರಾಸು ವೀಕ್ಷಣಾಲಯದಲ್ಲಿ

ಮದರಾಸು ಖಗೋಳ ವೀಕ್ಷಣಾಲಯವು 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಂಪನಿ ಸರ್ಕಾರದ ಸಂಸ್ಥೆಯಾಗಿ ನೆಲೆಗೊಂಡಿತು. ಅಲ್ಲಿನ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಂ ರಜೆಯ ಮೇಲೆ ತೆರಳಿದಾಗ ವಾರೆನ್ 1805ರಿಂದ 1811ರವರೆಗೆ ಹಂಗಾಮಿಯಾಗಿ ಆ ಹೊಣೆಯನ್ನು ವಹಿಸಿಕೊಂಡನು. ಈ ಅವಧಿಯಲ್ಲಿ ಆತ 1807ರ ಮಹಾ ಧೂಮಕೇತುವನ್ನು ವೀಕ್ಷಿಸಿ ವಿವರಗಳನ್ನು ದಾಖಲಿಸಿದನು. ಮದರಾಸಿನ ರೇಖಾಂಶವನ್ನು ಮತ್ತೆ ಲೆಕ್ಕ ಹಾಕಿದನು. ಲೋಲಕದ ಉದ್ದವನ್ನು ನಿರ್ಧರಿಸುವ ಪ್ರಯೋಗಗಳನ್ನು ನಡೆಸಿದನು. ಸರ್ವೇಕ್ಷಣೆಯ ನಕ್ಷೆಗಳಿಗೆ ಮದರಾಸಿನ ರೇಖಾಂಶವು ಆಧಾರವಾಗಿದ್ದುದರಿಂದ ಅದರ ನಿಖರತೆಗೆ ಹೆಚ್ಚಿನ ಬೆಲೆಯಿತ್ತು.

ಕಾಲಸಂಕಲಿತ

ನೆಪೋಲಿಯನ್ನನ ಪತನಾನಂತರ ಫ್ರಾನ್ಸಿನಲ್ಲಿ ರಾಜಪ್ರಭುತ್ವವು ಮರುಸ್ಥಾಪನೆಗೊಂಡಾಗ ವಾರೆನ್ ಅಲ್ಲಿಗೆ ತೆರಳಿದನು. ಆದರೆ ಮತ್ತೆ ಭಾರತಕ್ಕೆ ಹಿಂದಿರುಗಿ, ಫ್ರೆಂಚರ ಆಡಳಿತದಲ್ಲಿದ್ದ ಪಾಂಡಿಚೇರಿಯಲ್ಲಿ ನೆಲೆಸಿದನು. ಆತನ 'ಕಾಲಸಂಕಲಿತ' 1825ರಲ್ಲಿ ಮದರಾಸಿನ ಕಾಲೇಜು ಮುದ್ರಣಾಲಯದಿಂದ ಹೊರಬಂದಿತು. ಸಂಸ್ಕೃತ ಶೀರ್ಷಿಕೆಯನ್ನು ಹೊತ್ತ ಈ ಇಂಗ್ಲಿಷ್ ಗ್ರಂಥವು ತಮಿಳರ ಸೌರ ಪಂಚಾಂಗ, ತೆಲುಗು ಪ್ರದೇಶದ ಚಾಂದ್ರಸೌರ ಪಂಚಾಂಗ, ಅರವತ್ತು ಸಂವತ್ಸರಗಳ ಚಕ್ರ ಹಾಗೂ ಮುಸ್ಲಿಮರ ಪಂಚಾಂಗಗಳ ಗಣನಾಕ್ರಮವನ್ನು ಕೋಷ್ಟಕಗಳ ಸಹಿತ ವಿವರಿಸುತ್ತದೆ.

ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕನ್ನಡದ ಶಾಸನಗಳಲ್ಲಿ ಸಾಮಾನ್ಯವಾಗಿ ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ ಮತ್ತು ವಾರಗಳಿರುತ್ತವೆ. ಇವುಗಳನ್ನು ಇಂದಿನ ಕ್ರಿಸ್ತಶಕದ ದಿನಾಂಕಕ್ಕೆ ಹೊಂದಿಸಬೇಕಾದರೆ ಪಂಚಾಂಗದ ಗಣಿತ ತಿಳಿದಿರಬೇಕು. ಆ ಗಣಿತವನ್ನು ಯುರೋಪಿನ ವಿದ್ವಾಂಸರಿಗೆ ವಿಸ್ತಾರವಾಗಿ ಪರಿಚಯಿಸಿದ ಆರಂಭಿಕ ಗ್ರಂಥಗಳಲ್ಲಿ ಇದೂ ಒಂದು.

ಗ್ರಂಥದಲ್ಲಿ ಒಂದು ಸ್ವಾರಸ್ಯಕರ ಪ್ರಸಂಗವಿದೆ. ಪಾಂಡಿಚೇರಿಯಲ್ಲಿ ವಾರೆನ್ ಭೇಟಿಯಾದ ತಮಿಳು ಪಂಚಾಂಗಕರ್ತನೊಬ್ಬನು, ಕೋಷ್ಟಕಗಳನ್ನು ಬಾಯಿಪಾಠದಿಂದ ನೆನೆಯುತ್ತ, ನೆಲದ ಮೇಲೆ ಕವಡೆಗಳನ್ನು ಜೋಡಿಸಿ, 1825ರ ಮೇ 31 – ಜೂನ್ 1ರ ಚಂದ್ರಗ್ರಹಣದ ವೇಳೆಯನ್ನು ಗುಣಿಸಿ ತೋರಿಸಿದನು. ಈ ಲೆಕ್ಕವನ್ನು ಗಣಿತೇತಿಹಾಸಕಾರ ಆಟೊ ನ್ಯೂಗೆಬೌವರ್ 1952ರಲ್ಲಿ ವಿಶ್ಲೇಷಿಸಿದ್ದಾನೆ. ಆತನ ಪ್ರಕಾರ ಗ್ರಹಣದ ಆರಂಭದಲ್ಲಿ 4 ನಿಮಿಷ, ಮಧ್ಯಕಾಲದಲ್ಲಿ 23 ನಿಮಿಷ ಮತ್ತು ಮೋಕ್ಷಕಾಲದಲ್ಲಿ 52 ನಿಮಿಷಗಳಷ್ಟು ವ್ಯತ್ಯಾಸ ಮಾತ್ರ ಇದ್ದಿತು. ಕಾಗದವಿಲ್ಲದೆ ನಡೆದ ಈ ಗಣನೆಯು ಪ್ರಾಚೀನ ಗಣಿತ ಪರಂಪರೆಯೊಂದರ ಸಾಕ್ಷಿಯಾಗಿ ಪರಿಗಣಿತವಾಗಿದೆ.

ಕೊನೆಯ ದಿನಗಳು ಮತ್ತು ಕುಟುಂಬ

ಲೆಫ್ಟಿನೆಂಟ್ ಕರ್ನಲ್ ಪದವಿಯನ್ನು ಪಡೆದಿದ್ದ ವಾರೆನ್ 1830ರ ಫೆಬ್ರವರಿ 9ರಂದು ಪಾಂಡಿಚೇರಿಯಲ್ಲಿ ನಿಧನನಾದನು. ಮದರಾಸಿನಲ್ಲಿ 1811ರಲ್ಲಿ ಜನಿಸಿದ ಆತನ ಮಗ ಎದುವಾರ್ ದ ವಾರೆನ್ ಕೂಡ ಬ್ರಿಟಿಷ್ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಬ್ರಿಟಿಷ್ ಆಳ್ವಿಕೆಯ ಭಾರತವನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಗ್ರಂಥ ರಚಿಸಿದನು.

ವರದಿಯ ಪರಿಣಾಮ

ವಾರೆನ್‌ನ ವರದಿಯಿಂದ ಕೂಡಲೇ ದೊಡ್ಡ ಗಣಿಗಾರಿಕೆ ಆರಂಭವಾಗಲಿಲ್ಲ. ಸುಮಾರು ಏಳು ದಶಕಗಳ ನಂತರ, ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಆ ಬರಹವನ್ನು ಓದಿ, 1871ರಲ್ಲಿ ಎತ್ತಿನಗಾಡಿಯಲ್ಲಿ ಕೋಲಾರದ ಕಡೆಗೆ ಪ್ರಯಾಣ ಮಾಡಿದನು. 1873ರಲ್ಲಿ ಅರ್ಜಿ ಸಲ್ಲಿಸಿದ ಆತನಿಗೆ 1875ರಲ್ಲಿ ಗಣಿಗಾರಿಕೆಯ ಪರವಾನಗಿ ದೊರೆಯಿತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಪ್ರವೇಶದೊಡನೆ ಯಂತ್ರಾಧಾರಿತ ಗಣಿಗಾರಿಕೆ ವಿಸ್ತರಿಸಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಇಲ್ಲಿಗೆ ಹರಿದುಬಂದಿತು. ಕಾಲಕ್ರಮದಲ್ಲಿ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಗಿಲಾದ ಆಳವನ್ನು ತಲುಪಿತು. 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡವು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ಸ್ಥಗಿತಗೊಂಡು, ಅದನ್ನೇ ನಂಬಿದ್ದ ಸಾವಿರಾರು ಕುಟುಂಬಗಳು ಜೀವನೋಪಾಯಕ್ಕಾಗಿ ಬೆಂಗಳೂರಿನತ್ತ ನೋಡುವಂತಾಯಿತು.

ವಾರೆನ್ ತನ್ನ ವರದಿಯಲ್ಲಿ ನಮೂದಿಸಿದ ಊರಿಗಾಂ ಮತ್ತು ಮಾರಿಕುಪ್ಪಂ ಇಂದು ಬಂಗಾರಪೇಟೆ–ಮಾರಿಕುಪ್ಪಂ ರೈಲು ಮಾರ್ಗದ ನಿಲ್ದಾಣಗಳಾಗಿವೆ.