ಸೂಪರ್‌ಚಾರ್ಜ್ಡ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್: ಆಯ್ಕೆ ಮತ್ತು ಗ್ಯಾಪ್

ಪೊಳ್ಳಾಚಿಯಿಂದ ಆಳಿಯಾರ್ ದಾಟಿ ಆನೈಮಲೈ ಬೆಟ್ಟ ಹತ್ತುವ ವಾಲ್ಪಾರೈ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ. ಬಯಲಿನ ಸೆಕೆ, ಬಿಡುವಿಲ್ಲದ ಏರು, ಮೇಲಿನ ತೆಳುಗಾಳಿ, ಉದ್ದನೆಯ ಇಳಿಜಾರು ಎಲ್ಲವೂ ಒಂದೇ ದಾರಿಯಲ್ಲಿ ಎದುರಾಗುತ್ತವೆ. ಸೂಪರ್‌ಚಾರ್ಜ್ಡ್ ಎಂಜಿನ್‌ಗೆ ಹಾಕಿದ ಪ್ಲಗ್ ಸರಿಯೋ ಅಲ್ಲವೋ ಎಂದು ತಿಳಿಯಲು ಇಂಥ ದಾರಿಯೇ ತಕ್ಕ ಪರೀಕ್ಷೆ.

ಒತ್ತಡದ ಗಾಳಿ

ಕ್ರ್ಯಾಂಕ್‌ಶಾಫ್ಟ್‌ನಿಂದ ಬೆಲ್ಟ್ ಅಥವಾ ಗೇರ್ ಮೂಲಕ ತಿರುಗುವ ಸೂಪರ್‌ಚಾರ್ಜರ್, ಸಿಲಿಂಡರ್‌ಗೆ ಹೆಚ್ಚು ಗಾಳಿ ತುಂಬುತ್ತದೆ. ಗಾಳಿ ದಟ್ಟವಾದಂತೆ ಶಾಖವೂ ಏರುತ್ತದೆ, ಕಿಡಿ ಹಾರಲು ಬೇಕಾದ ವೋಲ್ಟೇಜೂ ಏರುತ್ತದೆ.

ಹೀಟ್ ರೇಂಜ್

ಪ್ಲಗ್ ತನ್ನ ತುದಿಯ ಶಾಖವನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎಂಬುದೇ ಹೀಟ್ ರೇಂಜ್. ತುದಿಯ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮಸಿ ಕಟ್ಟುತ್ತದೆ. 850 ಡಿಗ್ರಿ ಮೀರಿದರೆ ಕಿಡಿಗೆ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಕರಗುವ ಅಪಾಯವಿದೆ. ಕಾರ್ಖಾನೆಯಲ್ಲೇ ಸೂಪರ್‌ಚಾರ್ಜರ್ ಕೂಡಿಸಿದ ಎಂಜಿನ್‌ಗೆ ತಯಾರಕರು ಹೇಳಿದ ಪ್ಲಗ್ಗೇ ಸರಿ. ಆಮೇಲೆ ಕೂಡಿಸಿದ್ದಾದರೆ ಸಾಮಾನ್ಯವಾಗಿ ಒಂದು ಹಂತ ಕೋಲ್ಡ್, ಅಂದರೆ ಶಾಖವನ್ನು ಇನ್ನೂ ಬೇಗ ದಾಟಿಸುವ ಪ್ಲಗ್‌ನಿಂದ ಆರಂಭಿಸುತ್ತಾರೆ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ಹೆಚ್ಚಿದಷ್ಟೂ ಕೋಲ್ಡ್. ಬಾಷ್, ಚಾಂಪಿಯನ್‌ಗಳಲ್ಲಿ ಇದು ತಿರುವುಮುರುವು.

ಗ್ಯಾಪ್

ಕಿಡಿ ಹಾರುವ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಂತರವೇ ಗ್ಯಾಪ್. ಸಾಮಾನ್ಯ ಎಂಜಿನ್‌ನಲ್ಲಿ ಇದು ಬಹುಪಾಲು 0.8ರಿಂದ 1.1 ಮಿಮೀ. ದಟ್ಟ ಗಾಳಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ಸೂಪರ್‌ಚಾರ್ಜರ್ ಇದ್ದಾಗ 0.6ರಿಂದ 0.8 ಮಿಮೀಗೆ ಇಳಿಸುವುದು ರೂಢಿ. ಗ್ಯಾಪ್ ತೀರ ಕಿರಿದಾದರೆ ಕಿಡಿ ಚಿಕ್ಕದಾಗಿ ಐಡಲ್ ಒರಟಾಗುತ್ತದೆ. ಆದ್ದರಿಂದ ಸೂಪರ್‌ಚಾರ್ಜರ್‌ನ ಪೂರ್ಣ ಒತ್ತಡದಲ್ಲಿ (ಬೂಸ್ಟ್) ಕಿಡಿ ತಪ್ಪಿ ಎಂಜಿನ್ ಮಿಸ್ ಹೊಡೆಯದಷ್ಟು ಮಾತ್ರ ಇಳಿಸಬೇಕು. ತಂತಿ ಗೇಜ್‌ನಿಂದ ಅಳೆದು, ಹೊರಗಿನ ಎಲೆಕ್ಟ್ರೋಡನ್ನಷ್ಟೇ ಬಾಗಿಸಬೇಕು. ಇರಿಡಿಯಂ ಪ್ಲಗ್‌ನ ಸಪೂರ ನಡುತುದಿಗೆ ಒತ್ತಡ ಬಿದ್ದರೆ ಅದು ಮುರಿಯುತ್ತದೆ.

ಘಾಟಿಯಲ್ಲಿ

ಸುಮಾರು 1,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಬಯಲಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಬೆಲ್ಟ್‌ನ ಸೂಪರ್‌ಚಾರ್ಜರ್ ಅತಿ ದಟ್ಟ ಗಾಳಿ ತುಂಬುವುದು ಬಯಲಿನಲ್ಲೇ. ಹಾಗಾಗಿ ವಾಲ್ಪಾರೈಯಲ್ಲಿ ಸರಿಯಾಗಿ ಓಡಿದ ಪ್ಲಗ್ ಪೊಳ್ಳಾಚಿಯಲ್ಲಿ ಮಿಸ್ ಹೊಡೆಯಬಹುದು. ಗ್ಯಾಪನ್ನು ಬಯಲಿನಲ್ಲಿ ಪರೀಕ್ಷಿಸಿ, ಹೀಟ್ ರೇಂಜನ್ನು ಎಂಜಿನ್ ಬಿಡುವಿಲ್ಲದೆ ಕಾಯುವ ಏರಿನಲ್ಲಿ ಪರೀಕ್ಷಿಸಿ.

ಪ್ಲಗ್ ಹೇಳುವುದು

ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಆಯ್ಕೆ ಸರಿ. ಬಿಳಿಚಿ ಗುಳ್ಳೆ ಎದ್ದಿದ್ದರೆ ಶಾಖ ಅತಿಯಾಗಿದೆ. ಇನ್ನಷ್ಟು ಓಡಿಸುವ ಮೊದಲು ಇಂಧನದ ಮಿಶ್ರಣ, ಇಗ್ನಿಷನ್ ಟೈಮಿಂಗ್ ನೋಡಿಸಿ. ಒಣ ಮಸಿ ಇದ್ದರೆ ಪ್ಲಗ್ ಅತಿ ಕೋಲ್ಡ್ ಆಗಿರಬಹುದು ಅಥವಾ ಇಂಧನ ಹೆಚ್ಚಾಗಿರಬಹುದು. ಯಾವುದೇ ಹೊಸ ಪ್ಲಗ್ ಕೂಡಿಸುವಾಗ ಥ್ರೆಡ್ ಮತ್ತು ಉದ್ದ ಹಳೆಯದಕ್ಕೆ ಹೊಂದುತ್ತವೆಯೇ ಎಂದು ನೋಡುವುದು ಕಡ್ಡಾಯ: ಉದ್ದ ಹೆಚ್ಚಾದರೆ ಪಿಸ್ಟನ್ ಬಂದು ಪ್ಲಗ್‌ಗೆ ಬಡಿಯಬಹುದು.