ಮಗ್ಗಿನ ಕೇಕಿಗೆ ನಮ್ಮ ಸೀಮೆ ಕೊಟ್ಟಿದ್ದೇನು?

ಮೈಕ್ರೋವೇವ್‌ನಲ್ಲಿ ಎರಡು ನಿಮಿಷಕ್ಕೆ ಆಗೋ ಮಸಾಲೆ ಕೇಕು ಅಂದ್ರೆ ಅಮೆರಿಕದಿಂದ ಬಂದ ಸೊಸೆ ಅಂತ್ಲೇ ಎಲ್ಲಾರೂ ಅಂದ್ಕೊಂಡವ್ರೆ. ಪೆಟ್ಟಿಗೆಯೇನೋ ಅಲ್ಲಿದೇ ಸರಿ. ಆದ್ರೆ ಮಗ್ಗಿನ ಒಳಗಿರೋದನ್ನ, ಪೆಟ್ಟಿಗೆ ಹಿಂದಿನ ವೈರನ್ನ ಹಿಡ್ಕೊಂಡು ಹೋದ್ರೆ ಮಳವಳ್ಳಿ, ಮಂಡ್ಯ ಎಲ್ಲ ಸುತ್ತಬೇಕಾಗ್ತದೆ ಕಣ್ರವ್ವ.

ಮೊದ್ಲು ಕರೆಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ವಿದ್ಯುತ್ ತೆಗೆದದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. ಅವರು 1901ರಲ್ಲೇ ತೀರಿಕೊಂಡರು, ಮುಗಿದದ್ದನ್ನ ನೋಡಲಿಲ್ಲ. ಆ ಕರೆಂಟು ಹೋದದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ಆಚೆ, ಕೋಲಾರದ ಚಿನ್ನದ ಗಣಿಗೆ. ಅಷ್ಟು ಉದ್ದದ ಲೈನು ಆಗ ಪ್ರಪಂಚದಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಹೊಳೆ ಪಕ್ಕದ ಹಳ್ಳಿಗಳಲ್ಲಿ ಮಾತ್ರ ಅವ್ವಂದಿರು ಸೀಮೆಎಣ್ಣೆ ಬುಡ್ಡಿ ಬೆಳಕಲ್ಲೇ ರಾಗಿ ಬೀಸ್ತಾ ದಶಕಗಟ್ಲೆ ಕಳೆದ್ರು. ಪುಸ್ತಕಗಳು ಗಣಿಯ ಲೆಕ್ಕ ಬರೀತವೆ, ಬುಡ್ಡಿಯ ಮಸಿ ಒರೆಸಿದ ಕೈಗಳ ಲೆಕ್ಕ ಯಾರು ಬರದವ್ರೆ? ಇದನ್ನ ನೆನೆದಾಗೆಲ್ಲ ನಂಗೆ ಸಿಟ್ಟೇ ಬರೋದು.

ಪೆಟ್ಟಿಗೆ ಕಥೆ ಚಿಕ್ಕದು. ಯುದ್ಧದ ರೇಡಾರಿಗೆ ಮಾಡಿದ ಮ್ಯಾಗ್ನೆಟ್ರಾನ್ ಅನ್ನೋ ಕೊಳವೆ ಮುಂದೆ 1945ರಲ್ಲಿ ಪರ್ಸಿ ಸ್ಪೆನ್ಸರ್ ಅನ್ನೋರು ನಿಂತಿದ್ದಾಗ ಜೇಬಲ್ಲಿದ್ದ ಸಿಹಿತಿಂಡಿ ಕರಗಿತಂತೆ. 1947ರಲ್ಲಿ ಮಾರಾಟಕ್ಕೆ ಬಂದ ಒಲೆ ಆಳೆತ್ತರ ಇತ್ತು, ತೂಕ 340 ಕೇಜಿ. ಅಡುಗೆಮನೆ ಕಟ್ಟೆ ಮೇಲೆ ಕೂರೋವಂಥದ್ದು ಬಂದದ್ದು 1967ರಲ್ಲಿ.

ಇನ್ನು ಸಿಹಿ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗೋಕೆ ಮುಂಚೆ ಮಂಡ್ಯದ ಬಹುಪಾಲು ಹೊಲ ಮಳೆ ನಂಬ್ಕೊಂಡಿದ್ವು. ರಾಗಿ, ಹುರುಳಿ ಅಷ್ಟೆ. ಆಮೇಲೆ ನಾಲೆ ಬಂತು. ಆಗ ವೈಸ್‌ರಾಯ್ ಹೆಸರಲ್ಲಿ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ನೀರು ಬಂದ ಮೇಲೆ ಕಬ್ಬು. ಕೃಷಿ ಇಲಾಖೆ ನಡೆಸ್ತಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅನ್ನೋರು ಹಟ ಹಿಡಿದು ದುಡಿದ್ರು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆಯ್ತು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ, ಅಂದ್ರೆ ನಮ್ ಜಿಲ್ಲೆಗಿಂತ ಕಾರ್ಖಾನೆಗೇ ವಯಸ್ಸು ಜಾಸ್ತಿ! ಆದ್ರೂ ಆಲೆಮನೆ ಸಾಯಲಿಲ್ಲ. ಕಾರ್ಖಾನೆ ದುಡ್ಡು ತಡ ಆದಾಗ, ಅದರ ಚಕ್ರವೇ ನಿಂತಾಗ, ಕಬ್ಬು ಕಡಿದೋರು ತಿರುಗಿದ್ದು ಆಲೆಮನೆ ಕಡೆಗೇ. ಅದಕ್ಕೇ ನಾನು ಈ ಕೇಕಿಗೆ ಸಕ್ಕರೆ ಬಿಟ್ಟು ಬೆಲ್ಲ ಹಾಕೋದು.

ರಾಗಿಯನ್ನ ಮರೀಬೇಡಿ. ಇದೇ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಸೆದು ಇಂಡಾಫ್ ತಳಿಗಳನ್ನ ಕೊಟ್ರು. ಎರಡು ಖಂಡ ಆಗ್ಲೇ ನಮ್ ಮುದ್ದೆಯೊಳಗೆ ಕೂತವೆ, ಕೇಕಿನೊಳಗೆ ಕೂರಲ್ವಾ?

ಅವಸರದ ಅಡುಗೆಯಂತೂ ನಮಗೆ ಯಾರೂ ಕಲಿಸಬೇಕಾಗಿಲ್ಲ. 1917ರಲ್ಲಿ ಮದ್ದೂರು ಸ್ಟೇಷನ್ನಿಗೆ ರೈಲು ಬೇಗ ಬಂದು, ಪಕೋಡ ಉಂಡೆ ಕಟ್ಟೋಕೆ ಹೊತ್ತಿಲ್ಲದೆ ರಾಮಚಂದ್ರ ಬುಧ್ಯ ಅನ್ನೋರು ಹಿಟ್ಟನ್ನ ತಟ್ಟಿ ಎಣ್ಣೆಗೆ ಬಿಟ್ರಂತೆ. ಮದ್ದೂರು ವಡೆ ಹುಟ್ಟಿದ್ದೇ ಹಂಗೆ ಅಂತಾರೆ.

ಈಗ ಮಾಡೋದು ಹೇಳ್ತೀನಿ. ದೊಡ್ಡ ಪಿಂಗಾಣಿ ಮಗ್ಗಿಗೆ ಎರಡು ಚಮಚ ರಾಗಿ ಹಿಟ್ಟು, ಎರಡು ಚಮಚ ಗೋಧಿ ಹಿಟ್ಟು, ಕಾಲು ಟೀ ಚಮಚ ಬೇಕಿಂಗ್ ಪೌಡರು, ಚಿಟಿಕೆ ಉಪ್ಪು. ಮಸಾಲೆ ಅಂದ್ರೆ ರಾಮನವಮಿ ಪಾನಕದ್ದೇ: ಏಲಕ್ಕಿ, ಒಣಶುಂಠಿ, ಬೇಕಾದ್ರೆ ಚೂರು ಚಕ್ಕೆ, ಒಂದು ಲವಂಗ ಕುಟ್ಟಿ ಹಾಕಿ. ಎರಡು ಚಮಚ ಬೆಲ್ಲದ ಪುಡಿಯನ್ನ ನಾಕು ಚಮಚ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ಸೋಸ್ಕೊಳ್ಳಿ. ಬಿಸಿ ಹಾಲಿಗೆ ಬೆಲ್ಲ ಹಾಕಿದ್ರೆ ಒಡೀಬಹುದು, ಅದಕ್ಕೇ ನೀರು. ಒಂದು ಚಮಚ ಎಣ್ಣೆ ಹಾಕಿ ಗಂಟಿಲ್ಲದಂಗೆ ಕಲಸಿ. ಹಿಟ್ಟು ಅರ್ಧ ಮಗ್ಗು ದಾಟಬಾರದು, ಉಕ್ತದೆ. ಮುಚ್ಚಳ ಬೇಡ, ಸ್ಟೀಲ್ ಲೋಟ ಬೇಡವೇ ಬೇಡ, ಚಿನ್ನದ ಅಂಚಿನ ಮಗ್ಗೂ ಬೇಡ, ಕಿಡಿ ಹಾರ್ತದೆ. 800 ವ್ಯಾಟಿನ ಪೆಟ್ಟಿಗೆ ಆದ್ರೆ ಎಪ್ಪತ್ತು ಸೆಕೆಂಡಿಗೆ ತೆಗೆದು ಕಡ್ಡಿ ಚುಚ್ಚಿ ನೋಡಿ, ಹಸಿ ಅಂಟಿದ್ರೆ ಇನ್ನು ಹತ್ತು ಸೆಕೆಂಡು. ಜಾಸ್ತಿ ಇಟ್ರೆ ನೀರೆಲ್ಲ ಆವಿಯಾಗಿ ಒಣಕಲು ಆಗ್ತದೆ.

ಈ ಪೆಟ್ಟಿಗೆಯಲ್ಲಿ ಕೇಕಿಗೆ ಕಂದು ಬಣ್ಣ ಬರಲ್ಲ, ನೀರನ್ನ ಬಿಸಿ ಮಾಡಿ ಬೇಯಿಸೋದು ಅಷ್ಟೆ. ರಾಗಿ, ಬೆಲ್ಲ ಇರೋದ್ರಿಂದ ಆ ಚಿಂತೆ ನಮಗಿಲ್ಲ. ಬಿಸಿ ಇದ್ದಾಗ್ಲೇ ತಿನ್ನಿ, ಆರಿದ್ರೆ ಗಟ್ಟಿಯಾಗ್ತದೆ. ಬೆಲ್ಲ ಕೊಳ್ಳುವಾಗ ಹೊಳೆಯೋ ಹಳದಿ ಅಚ್ಚು ಬಿಟ್ಟು ಕಪ್ಪುಗೆಂಪಿನದನ್ನೇ ಕೇಳಿ ಅಕ್ಕ. ಆ ಹಳದಿ ಬಣ್ಣಕ್ಕೆ ಎಷ್ಟೋ ಕಡೆ ಹೈಡ್ರೋಸ್ ಹಾಕ್ತಾರೆ.