ತಪ್ಪು ಯಾರದು, ಬೆರಳು ಯಾರದು?

ಕೋಲಾರ ಸೀಮೆಯ ಚರಿತ್ರೆ ಎಂದೊಡನೆ ನಮಗೆ ಗಂಗರು, ಚೋಳರು, ಕೋಲಾರಮ್ಮನ ಗುಡಿ, ಚಿನ್ನದ ಗಣಿ ನೆನಪಾಗುತ್ತವೆ. ಶಾಸನಗಳಲ್ಲಿ ಕಾಣದೆ, ಹೆಂಗಸರ ಕೈಗಳ ಮೇಲೆ ತಲೆಮಾರುಗಳ ಕಾಲ ಉಳಿದಿದ್ದ ಇನ್ನೊಂದು ಚರಿತ್ರೆಯೂ ಈ ಸೀಮೆಗೆ ಉಂಟು. ತಾಯಲೂರು, ಮುಳಬಾಗಿಲು ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನು ಅಜ್ಜಿಯರ ಬಾಯಿಂದ ಕೇಳಿರಲೂಬಹುದು. ಅದನ್ನು ಆಧಾರವಾಗಿಟ್ಟುಕೊಂಡು, ಒಬ್ಬರ ತಪ್ಪಿಗೆ ಮತ್ತೊಬ್ಬರನ್ನು ಬಲಿ ಕೊಡುವ ಮನುಷ್ಯ ಸ್ವಭಾವವನ್ನು ಕುರಿತು ನಾಲ್ಕು ಮಾತು ಬರೆಯುತ್ತೇನೆ.

ಕೋಲಾರ ತಾಲ್ಲೂಕಿನ ಸೀತಿ ಬೆಟ್ಟಕ್ಕೆ ಸಂಬಂಧಿಸಿದ ಐತಿಹ್ಯವಿದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾನೆ. ಭಸ್ಮಾಸುರನಿಗೆ ಹೆದರಿ ಓಡಿದ ಶಿವನು ತೊಂಡೆಹಣ್ಣಿನೊಳಗೆ ಅಡಗಿಕೊಂಡ. ಬೆನ್ನಟ್ಟಿ ಬಂದ ರಾಕ್ಷಸನು ಪಕ್ಕದ ಹೊಲದಲ್ಲಿ ದುಡಿಯುತ್ತಿದ್ದ ಒಕ್ಕಲಿಗನನ್ನು ವಿಚಾರಿಸಿದ. ಹೇಳಿದರೆ ದೇವರ ಕೋಪ, ಹೇಳದಿದ್ದರೆ ರಾಕ್ಷಸನ ಕೋಪ. ಆ ಬಡಪಾಯಿಯು ಬಾಯಲ್ಲಿ ಕಾಣಲಿಲ್ಲವೆಂದು ಹೇಳುತ್ತಲೇ ಬಲಗೈಯ ಕಿರುಬೆರಳಿನಿಂದ ಜಾಗವನ್ನು ತೋರಿಸಿಬಿಟ್ಟ. ವಿಷ್ಣುವು ಮೋಹಿನಿಯಾಗಿ ಬಂದು ರಾಕ್ಷಸನನ್ನು ಸುಟ್ಟ ಕಥೆ ನಿಮಗೆ ಗೊತ್ತೇ ಇದೆ. ಆ ಬೂದಿಯೇ ಸೀತಿ ಬೆಟ್ಟವಾಯಿತೆಂದು ಪ್ರತೀತಿ.

ಹೊರಬಂದ ಶಿವನು, ತಪ್ಪು ಮಾಡಿದ ಬೆರಳನ್ನು ಕತ್ತರಿಸಬೇಕೆಂದು ಒಕ್ಕಲಿಗನಿಗೆ ಶಿಕ್ಷೆ ವಿಧಿಸಿದ. ಅಷ್ಟರಲ್ಲಿ ಹೊಲಕ್ಕೆ ಬುತ್ತಿ ತಂದ ಅವನ ಹೆಂಡತಿಯು ಪಾದಕ್ಕೆ ಬಿದ್ದಳು. ಗಂಡನ ಕೈ ಕೆಲವು ತಿಂಗಳು ನಿಂತರೂ ಬೇಸಾಯ ಕೆಟ್ಟು ಸಂಸಾರ ಹಾಳಾಗುವುದೆಂದೂ, ಅವನ ಒಂದು ಬೆರಳಿಗೆ ಬದಲಾಗಿ ತನ್ನ ಎರಡು ಬೆರಳುಗಳನ್ನು ಸ್ವೀಕರಿಸಬೇಕೆಂದೂ ಬೇಡಿದಳು. ಶಿವನು ಮೆಚ್ಚಿ ಒಪ್ಪಿದ. ಜೊತೆಗೆ, ಅವಳ ವಂಶದ ಹೆಣ್ಣುಮಕ್ಕಳೆಲ್ಲ ಮುಂದೆಯೂ ಹೀಗೆಯೇ ಬೆರಳು ಒಪ್ಪಿಸಬೇಕೆಂದು ಕಟ್ಟಳೆ ಮಾಡಿದನಂತೆ.

ಇದು ಕೇವಲ ಕಥೆಯಾಗಿ ಉಳಿಯಲಿಲ್ಲ. ಮೊರಸು ಒಕ್ಕಲಿಗರ ಒಂದು ಶಾಖೆಯಲ್ಲಿ ಮಾತ್ರ ಈ ಆಚರಣೆ ಇದ್ದಿತು. ಅವರಿಗೆ 'ಬೆರಳು ಕೊಡುವ ಒಕ್ಕಲು' ಎಂದೇ ಹೆಸರಾಯಿತು. ಹಿರಿಯ ಮಗಳ ಮದುವೆಯ ಮಾತುಕತೆಗೆ ಮುನ್ನ ಕಿವಿ ಚುಚ್ಚುವ ಶಾಸ್ತ್ರ ನಡೆಯಬೇಕು. ಅದಕ್ಕೂ ಮುನ್ನ ತಾಯಿಯು ಉಂಗುರಬೆರಳು ಮತ್ತು ಕಿರುಬೆರಳುಗಳ ತುದಿಯ ಗೆಣ್ಣುಗಳನ್ನು ಒಪ್ಪಿಸಬೇಕು. ಊರಿನ ಕಮ್ಮಾರನು ಬೆರಳನ್ನು ಮರದ ಕೊರಡಿನ ಮೇಲಿಟ್ಟು ಉಳಿಯಿಂದ ಕತ್ತರಿಸುತ್ತಿದ್ದ. ಹುಡುಗಿಗೆ ತಾಯಿ ಇಲ್ಲದಿದ್ದರೆ, ಬೆರಳು ಕೊಟ್ಟಿರದ ವರನ ತಾಯಿಯ ಮೇಲೆ ಆ ಭಾರ ಬೀಳುತ್ತಿತ್ತು. ಮೈಸೂರು ಸೀಮೆಯಲ್ಲಿ ಇಂಥ ಮನೆಗಳು ಸುಮಾರು 2,000 ಇರಬಹುದೆಂದು ವಿಲ್ಕ್ಸ್ ಅಂದಾಜು ಮಾಡಿದ್ದ. ಮೈಸೂರು ಸೀಮೆಯಲ್ಲಿ ಬಹುಕಾಲ ನೆಲೆಸಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಕೂಡ ಈ ಪದ್ಧತಿಯನ್ನು ಉಲ್ಲೇಖಿಸಿದ್ದಾನೆ.

ಈ ಕಥೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಮೊದಲ ಹೆಂಗಸು ತಾನಾಗಿ ಕೊಟ್ಟಳು, ಅದು ಪ್ರೀತಿ. ಅವಳ ಮೊಮ್ಮಕ್ಕಳು, ಮರಿಮಕ್ಕಳಿಂದ ತೆಗೆದುಕೊಂಡದ್ದು ವಸೂಲಿ. ಭಯದಲ್ಲಿ ಬೆರಳು ತೋರಿಸಿದವನು ಗಂಡಸು. ನೂರಾರು ವರ್ಷ ಬೆರಳು ಕಳೆದುಕೊಂಡವರು ಹೆಂಗಸರು. ನೇಗಿಲು ಹಿಡಿಯುವ ಕೈಗೆ ಬೆಲೆ ಉಂಟು, ಕಳೆ ಕೀಳುವ, ರಾಗಿ ಬೀಸುವ, ಮುದ್ದೆ ತೊಳಸುವ ಕೈಗೆ ಅಷ್ಟು ಬೆಲೆ ಇಲ್ಲ ಎಂಬ ಲೆಕ್ಕವೂ ಇಲ್ಲಿ ಅಡಗಿದೆ.

ಹೀಗೆ ತಪ್ಪನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ವಿಧಿ ಬೇರೆ ದೇಶಗಳಲ್ಲಿಯೂ ಇದ್ದಿತು. ಯೆಹೂದ್ಯರ ಧರ್ಮಗ್ರಂಥವಾದ ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಎರಡು ಹೋತಗಳ ಪ್ರಸಂಗ ಬರುತ್ತದೆ. ಒಂದನ್ನು ದೇವರಿಗೆ ಬಲಿ ಕೊಡುತ್ತಾರೆ. ಇನ್ನೊಂದರ ತಲೆಯ ಮೇಲೆ ಮಹಾಯಾಜಕನು ಎರಡೂ ಕೈಗಳನ್ನಿಟ್ಟು, ಜನರ ಪಾಪಗಳನ್ನೆಲ್ಲ ಹೇಳಿ, ಅದನ್ನು ಮರಳುಗಾಡಿಗೆ ಅಟ್ಟಿಸುತ್ತಾನೆ. ನಾವು 'ಹರಕೆಯ ಕುರಿ' ಎಂದು ಆಡುವ ಮಾತಿನ ಅರ್ಥವೂ ಇದಕ್ಕೆ ಹತ್ತಿರದ್ದೇ.

ಈ ಬಗ್ಗೆ ಆಳವಾಗಿ ಯೋಚಿಸಿದವರು ಫ್ರಾನ್ಸಿನ ರೆನೆ ಗಿರಾರ್ (1923–2015). 1972ರಲ್ಲಿ ಹಿಂಸೆ ಮತ್ತು ಪಾವಿತ್ರ್ಯದ ಸಂಬಂಧವನ್ನು ಕುರಿತೂ, 1982ರಲ್ಲಿ ಹರಕೆಯ ಕುರಿಯನ್ನೇ ಕುರಿತೂ ಅವರು ಗ್ರಂಥಗಳನ್ನು ಬರೆದರು. ಅವರ ವಿಚಾರವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಬರ, ರೋಗ, ಒಳಜಗಳಗಳಿಂದ ಸಮಾಜ ಕಂಗೆಟ್ಟಾಗ ಎಲ್ಲರೂ ಸೇರಿ ಒಬ್ಬನ ಮೇಲೆ ದೋಷ ಹೊರಿಸುತ್ತಾರೆ. ಅವನನ್ನು ಕೊಂದಾಗ ಅಥವಾ ಓಡಿಸಿದಾಗ ಊರು ಶಾಂತವಾಗುತ್ತದೆ. ಆ ಶಾಂತಿಯನ್ನು ದೇವರ ಪ್ರಸಾದವೆಂದು ತಿಳಿದು, ಅದೇ ಕೃತ್ಯವನ್ನು ವಿಧಿಯಾಗಿ ಮತ್ತೆ ಮತ್ತೆ ನಡೆಸುತ್ತಾರೆ. ಏಸುವಿನ ಮರಣದ ಕಥೆಯಲ್ಲಿಯೂ ಇದೇ ನಡೆಯಿತು. ಜನಾಂಗವೆಲ್ಲ ನಾಶವಾಗುವುದಕ್ಕಿಂತ ಒಬ್ಬ ಸಾಯುವುದು ಲೇಸೆಂದು ಸಲಹೆ ಕೊಟ್ಟವನು ಮಹಾಯಾಜಕ ಕಾಯಫ. ಆದರೆ ಸುವಾರ್ತೆಗಳು ಕಥೆಯನ್ನು ಬಲಿಯಾದವನ ಪಕ್ಕದಲ್ಲಿ ನಿಂತು ಹೇಳುತ್ತವೆ. ಅವನು ನಿರಪರಾಧಿ ಎಂದು ಸಾರುತ್ತವೆ. ಇದರಿಂದ ಬಲಿಯ ಗುಟ್ಟು ಬಯಲಾಯಿತು ಎಂಬುದು ಗಿರಾರ್ ಅವರ ವಾದ.

ಕ್ರೈಸ್ತರಲ್ಲಿಯೇ ಇದಕ್ಕೆ ಭಿನ್ನವಾದ ವ್ಯಾಖ್ಯಾನವೂ ಇದೆ. 11ನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಎಂಬ ಧರ್ಮಶಾಸ್ತ್ರಜ್ಞನು, ಮನುಷ್ಯರು ದೇವರಿಗೆ ಸಲ್ಲಿಸಬೇಕಾದ ಋಣವನ್ನು ಏಸು ಸಲ್ಲಿಸಿದನೆಂದು ವಿವರಿಸಿದ. ಹಾಗಾದರೆ ಬಲಿಯನ್ನು ಕೇಳಿದವನು ದೇವರೇ, ಮನುಷ್ಯರೇ? ಸೀತಿ ಬೆಟ್ಟದ ಕಥೆಗೂ ಇದೇ ಪ್ರಶ್ನೆ ಹಾಕಬಹುದು. ಆದರೂ ಒಂದು ಮಾತಿನಲ್ಲಿ ಎರಡೂ ಪಕ್ಷಗಳಿಗೆ ಒಮ್ಮತವಿದೆ: ಇಬ್ರಿಯರಿಗೆ ಬರೆದ ಪತ್ರಿಕೆಯ ಪ್ರಕಾರ ಆ ಬಲಿ ಒಂದೇ ಸಲ ನಡೆದು ಮುಗಿಯಿತು, ಇನ್ನು ರಕ್ತದ ಬಲಿ ಬೇಕಿಲ್ಲ.

ತತ್ತ್ವ ಹಾಗಿದ್ದರೂ ನಡತೆ ಹಾಗಿರಲಿಲ್ಲ. 1348–49ರಲ್ಲಿ ಯುರೋಪಿನಲ್ಲಿ ಪ್ಲೇಗು ಹಬ್ಬಿದಾಗ, ಯೆಹೂದ್ಯರು ಬಾವಿಗಳಿಗೆ ವಿಷ ಹಾಕಿದರೆಂದು ಕ್ರೈಸ್ತರೇ ಅಪವಾದ ಹೊರಿಸಿದರು. ಅದೇ ರೋಗದಿಂದ ಯೆಹೂದ್ಯರೂ ಸಾಯುತ್ತಿದ್ದಾರೆಂದು ಪೋಪ್ ಆರನೆಯ ಕ್ಲೆಮೆಂಟ್ 1348ರಲ್ಲಿ ಆಜ್ಞಾಪತ್ರ ಹೊರಡಿಸಿದರೂ, 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಅವರನ್ನು ಸುಟ್ಟರು. ಏಸುವಿನ ಸಾವಿನ ದೋಷವನ್ನು ಎಲ್ಲ ಯೆಹೂದ್ಯರ ಮೇಲೆ ಹೊರಿಸಬಾರದೆಂದು ಕ್ಯಾಥೊಲಿಕ್ ಸಭೆಯ ಮಹಾಸಮ್ಮೇಳನವು ಅಧಿಕೃತವಾಗಿ ಘೋಷಿಸಿದ್ದು 1965ರಲ್ಲಿ. ನಿರಪರಾಧಿಯ ಬಲಿಯನ್ನು ನಿತ್ಯ ಸ್ಮರಿಸುವವರೇ ಮತ್ತೊಬ್ಬ ನಿರಪರಾಧಿಯನ್ನು ಬಲಿ ಕೊಟ್ಟದ್ದು ಚರಿತ್ರೆ ಕಲಿಸುವ ಕಠಿಣ ಪಾಠ. ಯಾವ ಮತದವರೂ ಇದನ್ನು ಓದಿ, ನಮ್ಮಲ್ಲಿ ಹಾಗಿಲ್ಲವೆಂದು ಬೀಗುವಂತಿಲ್ಲ.

ನಮ್ಮ ಸೀಮೆಗೆ ಮರಳೋಣ. ಸರ್ಕಾರವು ಬೆರಳು ಕತ್ತರಿಸುವುದನ್ನು ನಿಷೇಧಿಸಿತು. ಆಮೇಲೆ ಬೆರಳಿಗೆ ಚಿನ್ನ ಅಥವಾ ಬೆಳ್ಳಿಯ ಕುಪ್ಪಿಗೆಯನ್ನು ತೊಡಿಸಿ, ಅದನ್ನು ಕಳಚಿ ದೇವರಿಗೆ ಒಪ್ಪಿಸುವ ಕ್ರಮ ಬಂದಿತು. ಇದು ದೊಡ್ಡ ಬಿಡುಗಡೆಯೇ ಸರಿ. ಆದರೆ ಪಠ್ಯದಲ್ಲಿ ಓದಿದ ಜನ್ನ ಕವಿಯನ್ನು ಒಮ್ಮೆ ನೆನಪಿಸಿಕೊಳ್ಳಿ. 1209ರ 'ಯಶೋಧರ ಚರಿತೆ'ಯಲ್ಲಿ ರಾಜನು ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಪಾಪ ತಪ್ಪಲಿಲ್ಲ. ಹಿಂಸೆಯ ಸಂಕಲ್ಪವೇ ಅವನನ್ನು ಜನ್ಮಜನ್ಮಕ್ಕೂ ಬೆನ್ನಟ್ಟಿತು. ಕಾನೂನು ಉಳಿಯನ್ನು ಕೈಯಿಂದ ಕಸಿದುಕೊಳ್ಳಬಲ್ಲದು. ಸಂಕಲ್ಪವನ್ನು ನಾವೇ ಬಿಡಬೇಕು.

ಅದು ಇನ್ನೂ ನಮ್ಮನ್ನು ಬಿಟ್ಟಿಲ್ಲ. ಹೊಸ ಸೊಸೆ ಬಂದ ವರ್ಷ ಹಸು ಸತ್ತರೆ, ಮನೆಯ ಹಿರಿಯರು ತೀರಿಕೊಂಡರೆ, ಅವಳ ಕಾಲ್ಗುಣ ಸರಿಯಿಲ್ಲವೆನ್ನುತ್ತೇವೆ. ಮಗು ಹುಟ್ಟಿದ ಗಳಿಗೆಯನ್ನು ದೂರುತ್ತೇವೆ. ತರಗತಿಯಲ್ಲಿ ಏನಾದರೂ ಕಳೆದರೆ ಎಲ್ಲರ ಕಣ್ಣೂ ಅತ್ಯಂತ ಬಡ ಹುಡುಗನ ಚೀಲದ ಕಡೆಗೆ ತಿರುಗುತ್ತದೆ. ಇವಕ್ಕೆ ಕೊರಡೂ ಬೇಡ, ಕಮ್ಮಾರನೂ ಬೇಡ.

ನೀವೀಗ ತಂದೆತಾಯಿಯರು, ಅತ್ತೆಮಾವಂದಿರು, ಕೆಲವರು ಉಪಾಧ್ಯಾಯರೂ ಆಗಿದ್ದೀರಿ. ಮನೆಯಲ್ಲಾಗಲಿ ಊರಿನಲ್ಲಾಗಲಿ ಎಲ್ಲರೂ ಒಮ್ಮತದಿಂದ ಒಬ್ಬರನ್ನು ದೂಷಿಸುವಾಗ, ತಪ್ಪು ಯಾರದು, ಬೆರಳು ಯಾರದು ಎಂದು ಒಮ್ಮೆ ಕೇಳಿ. ತನ್ನದನ್ನು ತಾನು ಕೊಡುವವರಿಗೆ ಕೈಮುಗಿಯೋಣ. ಮತ್ತೊಬ್ಬರದನ್ನು ಕೊಡಿಸಲು ನಮಗೆ ಹಕ್ಕಿಲ್ಲ.